ಪೋರ್ಟೊದಲ್ಲಿ ‘ಹೋಗಿಬರ್ತೀನಿ’ ಎಂದದ್ದು

ಇಸ್ಸಾಕ್ವಾ

ನನಗೆ ದಾರಿ ನೆನಪಿರುವುದಿಲ್ಲ ಎಂಬುದು ನಮ್ಮ ಮನೆಯಲ್ಲಿ ಚರ್ಚೆಗೆ ಅವಕಾಶವೇ ಇಲ್ಲದ ಸತ್ಯ. ಊರಿನ ಸಗಟು ಅಂಗಡಿಯ ಪಾರ್ಕಿಂಗಿನಲ್ಲಿ ಒಮ್ಮೆ ಸಾಮಾನಿನ ಗಾಡಿ ತಳ್ಳಿಕೊಂಡು ನಮ್ಮದೇ ಕಾರು ಹುಡುಕುತ್ತ ಮುಕ್ಕಾಲು ಗಂಟೆ ಸುತ್ತಿದ್ದೆ. ಐಸ್‌ಕ್ರೀಮು ಕರಗಿ ಅಕ್ಕಿ ಮೂಟೆಯ ಮೇಲೆ ಹರಿದಿತ್ತು. ಈ ಕಥೆಯನ್ನು ನನ್ನ ಗಂಡ ಶ್ರೀಧರ್ ಮನೆಗೆ ಬಂದವರಿಗೆಲ್ಲ ಕಾಫಿಯ ಜೊತೆ ತಪ್ಪದೆ ಬಡಿಸುತ್ತಾರೆ. ಹದಿಮೂರು ವರ್ಷದ ಮಗಳು ಅನನ್ಯಾ ಇನ್ನೂ ಒಂದು ಕೈ ಮೇಲು. ನಾನು ಮಹಡಿಯಿಂದ ಇಳಿದು ಅಡುಗೆಮನೆಗೆ ಬಂದರೂ ಸಾಕು, "ಅಮ್ಮಾ, ಯು ಮೇಡ್ ಇಟ್!" ಎಂದು ಚಪ್ಪಾಳೆ ತಟ್ಟುತ್ತಾಳೆ.

ನಾನು ಹುಟ್ಟಿನಿಂದ ಹೀಗಿರಲಿಲ್ಲ. ಮೈಸೂರಿನಲ್ಲಿ ಒಂಟಿಕೊಪ್ಪಲಿನಿಂದ ಹೊರಟು ಅಗ್ರಹಾರದ ಸಂಗೀತ ಪಾಠಕ್ಕೆ ಒಬ್ಬಳೇ ನಡೆದು ಹೋಗಿ ಬರುತ್ತಿದ್ದ ಹುಡುಗಿ ನಾನು. ಅಮೆರಿಕದ ಸಿಯಾಟಲ್ ಹತ್ತಿರದ ಈ ಇಸ್ಸಾಕ್ವಾಗೆ ಬಂದ ಮೇಲೆ ಬೆಟ್ಟದ ಮೇಲಿನ ಬಡಾವಣೆಯಲ್ಲಿ ಮನೆ ಮಾಡಿದೆವು. ಒಂದೇ ಬಣ್ಣದ ಮನೆಗಳು, ಒಂದೇ ಥರದ ತಿರುವುಗಳು. ಆಫೀಸಿಗೆ ಫೋನಿನ ದನಿ ಹೇಳಿದ ಹಾಗೆ ಕಾರು ತಿರುಗಿಸುತ್ತಿದ್ದೆ. ಬೇರೆ ಎಲ್ಲಿಗೆ ಹೋಗುವುದಿದ್ದರೂ ಚಪ್ಪಲಿ ಮೆಟ್ಟಿ "ಹೋಗ್ಬರ್ತೀನ್ರೀ" ಎನ್ನುವಷ್ಟರಲ್ಲಿ ಶ್ರೀಧರ್ ಕೈಗೆ ಕಾರಿನ ಕೀ ಬಂದಿರುತ್ತಿತ್ತು. "ಇರು, ನಾನೂ ಬರ್ತೀನಿ. ಎಲ್ಲಾದ್ರೂ ಕಳ್ದೋಗ್ತೀಯ." ಹನ್ನೆರಡು ವರ್ಷ ಇದೇ ಮಾತು. ಪ್ರೀತಿಯ ಮಾತೇ, ನನಗೂ ಗೊತ್ತು. ಆದರೆ ಪ್ರೀತಿಯಿಂದ ಹೇಳಿದ್ದನ್ನು ಹನ್ನೆರಡು ವರ್ಷ ಕೇಳಿದರೆ ಮನುಷ್ಯರು ಅದನ್ನು ನಂಬಿಬಿಡುತ್ತಾರೆ.

ಹೀಗಿರುವಾಗ ಆಫೀಸಿನವರು ಮೂರು ದಿನದ ಸಭೆಗೆಂದು ನನ್ನನ್ನು ಪೋರ್ಚುಗಲ್ಲಿನ ಪೋರ್ಟೊ ನಗರಕ್ಕೆ ಕಳಿಸಿದರು. ನಾನು ಅದಕ್ಕೆ ಒಂದು ದಿನ ರಜೆ ಸೇರಿಸಿದೆ. ಮನೆಯವರೆಲ್ಲ ಒಬ್ಬರನ್ನೊಬ್ಬರು ಫೋನಿನ ನಕ್ಷೆಯಲ್ಲಿ ನೋಡಿಕೊಂಡಿರಬಹುದಾದ ಸೌಲಭ್ಯ ಆಗಷ್ಟೇ ಬಂದಿತ್ತು. ಸಭೆಯ ಮೂರೂ ದಿನ ನಾನೊಂದು ನೀಲಿ ಚುಕ್ಕೆಯಾಗಿ ಇಸ್ಸಾಕ್ವಾದ ನಮ್ಮ ಊಟದ ಮೇಜಿನ ಮೇಲೆ ಓಡಾಡಿದೆ. ಚುಕ್ಕೆ ಎರಡು ನಿಮಿಷ ನಿಂತರೆ ಫೋನು. "ಯಾಕೆ ನಿಂತೆ? ದಾರಿ ತಪ್ತಾ?"

"ಶೌಚಾಲಯಕ್ಕೆ ಹೋಗಿದ್ದೆ ರೀ."

ಮೂರನೆಯ ಸಂಜೆ ನನಗೆ ರೇಗಿತು. "ನಾಳೆ ಫೋನು ರೂಮಲ್ಲೇ ಬಿಟ್ಟು ಹೋಗ್ತೀನಿ. ಮ್ಯಾಪೂ ಬೇಡ, ಚುಕ್ಕೇನೂ ಬೇಡ. ಇಡೀ ದಿನ ಒಬ್ಳೇ ನಡೀತೀನಿ. ಸಾಯಂಕಾಲ ಆರು ಗಂಟೆಗೆ ವಾಪಸ್ ಬಂದು ಫೋನ್ ಮಾಡ್ತೀನಿ."

"ತಲೆ ಕೆಟ್ಟಿದ್ಯಾ? ಆರು ಗಂಟೆಗೆ ಫೋನ್ ಬರ್ಲಿಲ್ಲ ಅಂದ್ರೆ?"

"ಅಂದ್ರೆ ನೀವು ಹೇಳಿದ್ದೇ ಸರಿ ಅಂತ. ಇನ್ಮೇಲೆ ಒಂದು ಹೆಜ್ಜೆ ಕೂಡ ಒಬ್ಳೇ ಇಡಲ್ಲ."

ಹೇಳಿದ ಮೇಲೆ, ಬೇಡವಾಗಿತ್ತೇನೋ ಎನಿಸಿತು. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಸ್ವಭಾವ ನನ್ನದಲ್ಲ.

ಹೋಟೆಲಿನ ಮೇಜು

ಬೆಳಗ್ಗೆ ಫೋನನ್ನು ರೂಮಿನ ಕಪಾಟಿನಲ್ಲಿಟ್ಟು ಕೆಳಗೆ ಬಂದೆ. ಸ್ವಾಗತದ ಮೇಜಿನಲ್ಲಿ ನನ್ನ ವಯಸ್ಸಿನದೇ ಹೆಂಗಸು, ಚೆನ್ನಾಗಿ ಇಂಗ್ಲಿಷ್ ಬರುತ್ತಿತ್ತು. ನಮಸ್ಕಾರಕ್ಕೆ, ಧನ್ಯವಾದಕ್ಕೆ ಪೋರ್ಚುಗೀಸಿನಲ್ಲಿ ಏನನ್ನಬೇಕೆಂದು ಅವಳೇ ಕಲಿಸಿಕೊಟ್ಟಿದ್ದಳು. ಇನ್ನೊಂದು ಮಾತು ಬೇಕಿತ್ತು. ಯಾರ ಹತ್ತಿರವಾದರೂ ಎರಡು ಮಾತಾಡಿ ಎದ್ದು ಬರುವಾಗ ಬರಿದೇ ಬೆನ್ನು ತಿರುಗಿಸಿ ಬರಲು ನನಗೆ ಆಗುವುದಿಲ್ಲ.

"ನಾನು ಹೋಗಿ ಬರುತ್ತೇನೆ ಅನ್ನುವುದಕ್ಕೆ ಏನು ಹೇಳುತ್ತೀರಿ?" ಎಂದು ಕೇಳಿದೆ.

ಅವಳ ಮುಂದೆ ಫೋನು ಹೊಡೆದುಕೊಳ್ಳುತ್ತಿತ್ತು. "ಹೋಗಿ, ವಾಪಸ್ ಬರುವುದಕ್ಕಾ? ಜಾ ವೋಲ್ತು," ಎಂದು ಹೋಟೆಲಿನ ಚೀಟಿಯ ಹಿಂದೆ ಬರೆದುಕೊಟ್ಟು ಫೋನೆತ್ತಿಕೊಂಡಳು.

ಜಾ ವೋಲ್ತು. ಹೇಳಲು ಸುಲಭವಾಗಿತ್ತು. ಬಾಗಿಲಲ್ಲಿ ನಿಂತು ಅವಳಿಗೇ ಮೊದಲು ಹೇಳಿದೆ. ಅವಳು ನಕ್ಕು ಕೈ ಬೀಸಿದಳು.

ಮೂಲೆಯ ಕಾಫಿ ಅಂಗಡಿ

ಪೋರ್ಟೊ ಕಡಿದಾದ ಊರು. ನದಿಯ ಕಡೆಗೆ ಇಳಿಯುವ ಓಣಿಗಳು ಎಷ್ಟು ಇಕ್ಕಟ್ಟೆಂದರೆ ಎದುರು ಮನೆಯ ಒಗ್ಗರಣೆಗೆ ಈ ಮನೆಯಲ್ಲಿ ಸೀನು ಬರಬೇಕು. ಕಿಟಕಿ ಕಿಟಕಿಗೂ ಬಟ್ಟೆ ಒಣಗುತ್ತಿದೆ. ನಮ್ಮ ಬಡಾವಣೆಯ ಸಂಘ, ಮನೆಯ ಹೊರಗೆ ಬಟ್ಟೆ ಒಣಹಾಕಬಾರದೆಂದು ನಿಯಮ ಮಾಡಿದೆ. ಒಮ್ಮೆ ಒದ್ದೆ ಟವೆಲನ್ನು ಹಿತ್ತಲ ಕಟಕಟೆಯ ಮೇಲೆ ಹಾಕಿದ್ದಕ್ಕೆ ನಮಗೆ ಪತ್ರ ಬಂದಿತ್ತು. ಇಲ್ಲಿ ನೋಡಿದರೆ ಊರಿನ ಒಳಲಂಗಗಳೆಲ್ಲ ಪ್ರವಾಸಿಗರ ಸೆಲ್ಫಿ ಕಡ್ಡಿಗಳ ಮೇಲೆ ನಿರ್ಭಯವಾಗಿ ಹಾರಾಡುತ್ತಿದ್ದವು. ನನಗೆ ಆ ಊರು ಆ ಕ್ಷಣದಲ್ಲೇ ಇಷ್ಟವಾಯಿತು.

ಓಣಿಯ ಮೂಲೆಯಲ್ಲಿ ಕಾಫಿ ಅಂಗಡಿ. ಮೀಸೆಯ ಮಾಲೀಕ ಒಂದು ಪುಟ್ಟ ಲೋಟ ಕಾಫಿ, ಮೊಟ್ಟೆಯ ಸಿಹಿ ಹೂರಣ ತುಂಬಿದ, ಬಟ್ಟಲಿನಾಕಾರದ ಎರಡು ಪೇಸ್ಟ್ರಿ ಕೊಟ್ಟ. ನಾನು ಮೀನು ಮಾಂಸ ತಿನ್ನುವುದಿಲ್ಲ. ಕೇಕಿನಲ್ಲಿ ಅಡಗಿ ಕುಳಿತ ಮೊಟ್ಟೆಯನ್ನು ಮಾತ್ರ ವಿಚಾರಿಸಲು ಹೋಗುವುದಿಲ್ಲ. ಕಾಫಿ ನಮ್ಮ ಡಿಕಾಕ್ಷನ್ನಿನ ಹಾಗೆ ಗಟ್ಟಿಯಾಗಿತ್ತು. ಬಕೆಟ್ಟಿನಷ್ಟು ದೊಡ್ಡ ಕಪ್ಪು ಹಿಡಿದು ಓಡಾಡುವ ಸಿಯಾಟಲಿನವರು ಇದನ್ನು ನೋಡಿದರೆ ಸ್ಯಾಂಪಲ್ ಎಂದುಕೊಂಡಾರು. ಒಂದು ಸಿಹಿ ತಿಂದೆ, ಇನ್ನೊಂದು ತಟ್ಟೆಯಲ್ಲೇ ಉಳಿಯಿತು. ಏಳುವಾಗ ಕೈ ಮುಗಿದು "ಜಾ ವೋಲ್ತು" ಎಂದೆ. ಅವನು ತಟ್ಟೆ ಎತ್ತಲು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಎಂಥ ಮರ್ಯಾದಸ್ಥ ಜನ ಎಂದುಕೊಂಡೆ.

ಮುಂದೆ ಎರಡು ಓಣಿ ದಾಟಿದರೆ ಹಳೆಯ ಟೈಲ್ಸ್ ಮಾರುವ ಅಂಗಡಿ. ಆ ಊರಿನ ಗೋಡೆಗಳಿಗೆಲ್ಲ ನೀಲಿ ಚಿತ್ರದ ಟೈಲ್ಸ್. ಮನೆ ಕೆಡವಿದಾಗ ಸಿಕ್ಕವನ್ನು ಕನ್ನಡಕದ ಮುದುಕನೊಬ್ಬ ಗುಡ್ಡೆ ಹಾಕಿಕೊಂಡು ಕುಳಿತಿದ್ದ. ಅದರಲ್ಲೊಂದು, ಮೂಲೆ ಮುರಿದಿದ್ದು, ನೀಲಿ ಹಕ್ಕಿ ಹಿಂದಕ್ಕೆ ತಿರುಗಿ ನೋಡುತ್ತಿತ್ತು. ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದೆ. ಇಡೀ ದಿನ ಕಲ್ಲಿನಂಥದ್ದನ್ನು ಹೊರುವುದೇಕೆಂದು ಕೆಳಗಿಟ್ಟು, ನಕ್ಕು, ಅವನಿಗೂ "ಜಾ ವೋಲ್ತು" ಹೇಳಿ ಹೊರಟೆ.

ಒಗೆಯುವ ಕಲ್ಲುಗಳು

ಬೆಳಗಿನ ತುಂತುರಿಗೆ ಓಣಿಯ ಕಲ್ಲುಗಳು ನೆನೆದಿದ್ದವು. ನೂರಾರು ವರ್ಷ ಜನ ತುಳಿದು ನುಣುಪಾದ ಕಲ್ಲುಗಳು. ದಾರಿಯಲ್ಲಿ ಬಿಸಿ ಚಾಕೊಲೇಟು ಕೊಂಡು, ರಾಣಿಯ ಹಾಗೆ ಸುತ್ತ ನೋಡುತ್ತ ಇಳಿಯುತ್ತಿದ್ದೆ. ಕಾಲು ಜಾರಿತು. ದೊಪ್ಪನೆ ಕುಳಿತೆ. ಚಾಕೊಲೇಟು ಪೂರ್ತಿ ನನ್ನ ಬಿಳಿ ಜಾಕೆಟ್ಟಿನ ಮೇಲೆ.

ಯಾರಾದರೂ ನೋಡಿದರೇ ಎಂದು ತಲೆಯೆತ್ತಿದರೆ, ಐದಾರು ಹೆಂಗಸರು ನೋಡುತ್ತಿದ್ದರು. ನಾನು ಬಿದ್ದದ್ದು ಸರಿಯಾಗಿ ಊರಿನ ಸಾರ್ವಜನಿಕ ಬಟ್ಟೆ ಒಗೆಯುವ ತೊಟ್ಟಿಯ ಮುಂದೆ! ಮೇಲೆ ತಗಡಿನ ಮಾಡು, ಉದ್ದನೆಯ ಕಲ್ಲಿನ ತೊಟ್ಟಿ, ಅಂಚಿಗೆ ಇಳಿಜಾರಾಗಿ ಕೂರಿಸಿದ ಒಗೆಯುವ ಕಲ್ಲುಗಳು. ಯೂರೋಪಿನಲ್ಲಿ ಇಂಥದ್ದು ಇರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

ಕಪ್ಪು ಉಡುಪಿನ ಒಬ್ಬ ಅಜ್ಜಿ ಬಂದು ನನ್ನನ್ನು ಎಬ್ಬಿಸಿದಳು. ಕೇಳದೆ ಮಾಡದೆ ಜಾಕೆಟ್ ಬಿಚ್ಚಿಸಿಕೊಂಡು ಸೋಪು ಉಜ್ಜತೊಡಗಿದಳು. ನನಗೆ ಸಂಕೋಚವಾಯಿತು. ಅವಳ ಕೈಯಿಂದ ಜಾಕೆಟ್ ತೆಗೆದುಕೊಂಡು, ತೋಳು ಮಡಚಿ, ಕಲ್ಲಿನ ಮೇಲೆ ಎತ್ತಿ ಒಗೆದೆ. ಫಟ್! ಎರಡನೇ ಸಲ, ಮೂರನೇ ಸಲ. ಹೆಂಗಸರೆಲ್ಲ ಕೈಕೆಲಸ ಬಿಟ್ಟು ನಿಂತರು. ಅವರು ಬಟ್ಟೆಯನ್ನು ಕಲ್ಲಿಗೆ ಉಜ್ಜುವವರು, ನಾನು ಎತ್ತಿ ಕುಕ್ಕುವವಳು. ಹಿತ್ತಲ ಕಲ್ಲಿನ ಮೇಲೆ ಅಮ್ಮನ ಪಕ್ಕ ನಿಂತು ಕಲಿತ ವಿದ್ಯೆ, ಮೂವತ್ತು ವರ್ಷದ ಮೇಲೂ ತೋಳಿನಲ್ಲಿ ಹಾಗೇ ಇತ್ತು. ಕಲೆ ಹೋಯಿತು. ಅಜ್ಜಿ ಜಾಕೆಟ್ಟನ್ನು ಬೆಳಕಿಗೆ ಹಿಡಿದು ನೋಡಿ, ಉಳಿದವರ ಕಡೆ ತಿರುಗಿ ಏನೋ ಹೇಳಿದಳು. ಎಲ್ಲರೂ ಹೋ ಎಂದರು. ಸುಳ್ಳೇಕೆ ಹೇಳಲಿ, ನನಗೆ ವಿಪರೀತ ಜಂಬ ಬಂತು. ಆಫೀಸಿನಲ್ಲಿ ಬಡ್ತಿ ಸಿಕ್ಕ ದಿನವೂ ಅಷ್ಟು ಬಂದಿರಲಿಲ್ಲ.

ಅವರಲ್ಲಿ ಒಬ್ಬಾಕೆ ಲಂಡನ್ನಿನಲ್ಲಿ ಮನೆಗೆಲಸ ಮಾಡಿ ಬಂದವಳು, ಸ್ವಲ್ಪ ಇಂಗ್ಲಿಷ್ ಇತ್ತು. "ಇವಳು ಅಲ್ಜೀರಾ, ನನ್ನ ಪಕ್ಕದ ಮನೆ. ಹೀಗೆ ಬಟ್ಟೆಗೆ ಹೊಡೆಯುವುದನ್ನು ಯಾರು ಕಲಿಸಿದರು ಅಂತ ಕೇಳುತ್ತಿದ್ದಾಳೆ," ಎಂದಳು. ಅಲ್ಜೀರಾ ಅಜ್ಜಿ ಬೆರಳುಗಳನ್ನು ಒಟ್ಟುಮಾಡಿ ಬಾಯಿಗೆ ತೋರಿಸಿದಳು. ಊಟಕ್ಕೆ ಬಾ, ಸೊಪ್ಪಿನ ಸೂಪು ಮಾಡುತ್ತೇನೆ ಎಂದು ಲಂಡನ್ನಿನಾಕೆ ಬಿಡಿಸಿ ಹೇಳಿದಳು. ನಾನು ಮಾಂಸ ತಿನ್ನುವುದಿಲ್ಲ ಎಂದೆ. ಮೀನು? ಅದೂ ಇಲ್ಲ. ಅಜ್ಜಿ ನನ್ನ ತೋಳು ಹಿಡಿದು ನೋಡಿದಳು, ಇಷ್ಟು ದಪ್ಪ ಹೇಗಾದಳೋ ಎನ್ನುವ ಹಾಗೆ.

ಗುರುತಿಲ್ಲದವರ ಮನೆಗೆ ಏಕಾಏಕಿ ಊಟಕ್ಕೆ ಹೋಗುವುದೇ? ಕೈ ಮುಗಿದು, ನಗುತ್ತ, ಬಹಳ ವಿನಯದಿಂದ ಹೇಳಿದೆ: "ಜಾ ವೋಲ್ತು." ಅಜ್ಜಿಯ ಮುಖ ಅರಳಿತು. ಸರಸರನೆ ತನ್ನ ಬಟ್ಟೆ ಬಕೆಟ್ಟಿಗೆ ತುಂಬಿಕೊಂಡು, ಎದುರಿನ ಹಸಿರು ಬಾಗಿಲು ತೋರಿಸಿ ಒಳಗೆ ಹೋದಳು. ಬೀಳ್ಕೊಡುವುದರಲ್ಲೂ ಎಂಥ ಚುರುಕು ಎಂದುಕೊಂಡು, ಒದ್ದೆ ಜಾಕೆಟ್ ತೋಳಿಗೆ ಹಾಕಿಕೊಂಡು ಮುಂದೆ ನಡೆದೆ.

ಸೇತುವೆ

ಡೌರೊ ನದಿಗೆ ಎರಡಂತಸ್ತಿನ ಕಬ್ಬಿಣದ ಸೇತುವೆ. ಮೇಲಿನ ಅಂತಸ್ತಿನಲ್ಲಿ ಟ್ರೈನಿನ ಪಕ್ಕದಲ್ಲೇ ಜನ ನಡೆಯುತ್ತಾರೆ. ನಡುವೆ ನಿಂತು ನೋಡಿದರೆ ಆ ದಡದಿಂದ ಈ ದಡಕ್ಕೆ ಕೆಂಪು ಮಾಡುಗಳು, ಚರ್ಚಿನ ಗೋಪುರಗಳು, ನಾನು ಇಳಿದು ಬಂದ ಓಣಿಗಳ ಸಿಕ್ಕು. ಅಷ್ಟನ್ನೂ ನನ್ನ ಕಾಲಲ್ಲಿ ನಾನೇ ನಡೆದು ಬಂದಿದ್ದೆ. ನಾನು ಎಲ್ಲಿದ್ದೇನೆಂದು ಜಗತ್ತಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅದೇನೋ ಹೇಳಲಾಗದ ಸಂತೋಷವಾಗಿ, ಹಳೆಯ ಪಾಠದ ವರ್ಣವೊಂದನ್ನು ಗಟ್ಟಿಯಾಗಿ ಗುನುಗಿದೆ. ಪಕ್ಕದ ಜಪಾನಿ ದಂಪತಿ ನಯವಾಗಿ ಎರಡು ಹೆಜ್ಜೆ ಸರಿದು ನಿಂತರು.

ಆಚೆ ದಡದಲ್ಲಿ ಬ್ರೆಡ್ಡು, ಚೀಸು ತಿಂದು, ಬಿಸಿಲು ಕಾಯಿಸಿಕೊಂಡು, ನಾಲ್ಕೂವರೆಗೆಲ್ಲ ಹೋಟೆಲಿನ ಹತ್ತಿರದ ಓಣಿಗೆ ವಾಪಸು ಬಂದೆ. ಆರು ಗಂಟೆಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಶ್ರೀಧರ್‌ಗೆ ಹೇಗೆ ಹೇಳಬೇಕು, ಎಲ್ಲಿ ಮಾತು ನಿಲ್ಲಿಸಿ ಅವರು ಹೂಂಗುಟ್ಟುವವರೆಗೆ ಕಾಯಬೇಕು ಎಂದೆಲ್ಲ ಮನಸ್ಸಿನಲ್ಲೇ ಅಭ್ಯಾಸ ಮಾಡುತ್ತಿದ್ದೆ.

ಮತ್ತೆ ಅದೇ ಕಾಫಿ ಅಂಗಡಿ

"ಸೆನ್ಯೋರಾ!"

ಮೀಸೆಯ ಮಾಲೀಕ ಬಾಗಿಲಿಗೆ ಓಡಿ ಬಂದ. ಬೆಳಗ್ಗೆ ನಾನು ಕುಳಿತಿದ್ದ ಮೇಜು ತೋರಿಸಿದ. ಅದರ ಮೇಲೆ ನನ್ನ ತಟ್ಟೆ, ತಟ್ಟೆಯಲ್ಲಿ ನನ್ನ ಎರಡನೇ ಸಿಹಿ, ನೊಣ ಕೂರದಂತೆ ಅದರ ಮೇಲೆ ಒಂದು ಗಾಜಿನ ಬಟ್ಟಲು. "ನೀವು ಹೇಳಿದಿರಿ, ಜಾ ವೋಲ್ತು," ಎಂದ, ಮುರುಕು ಇಂಗ್ಲಿಷಿನಲ್ಲಿ. "ಈಗಲೇ ಬಂದೆ ಅಂತ. ಎರಡು ನಿಮಿಷ ಅಂತ. ಏಳು ತಾಸು ಕಳೆದುಹೋಯಿತು!"

ಆಗ ಹೊಳೆಯಿತು. ಜಾ ವೋಲ್ತು ಎಂದರೆ ನಮ್ಮ ‘ಹೋಗಿಬರ್ತೀನಿ’ ಅಲ್ಲ. ‘ಇರಿ, ಈಗಲೇ ಬಂದುಬಿಟ್ಟೆ’ ಎಂದು. ಹೊರಡುವಾಗ ‘ಹೋಗ್ತೀನಿ’ ಎನ್ನಬಾರದು, ಒಳ್ಳೆಯದಲ್ಲ, ‘ಹೋಗಿಬರ್ತೀನಿ’ ಎನ್ನಬೇಕು ಎಂದು ನನಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದರು. ನಮ್ಮಲ್ಲಿ ಹಾಗೆಂದು ಹೊರಟವರನ್ನು ಯಾರೂ ಕಾಯುತ್ತ ಕೂರುವುದಿಲ್ಲ. ಆದರೆ ನಾನು ಬೆಳಗಿನಿಂದ ಊರಿಗೆಲ್ಲ ಕಾಯಿರಿ ಎಂದು ಹೇಳಿಕೊಂಡು ಬಂದಿದ್ದೆ. ಟೈಲ್ಸಿನ ಮುದುಕನಿಗೆ. ಮತ್ತೆ, ಅಯ್ಯೋ ದೇವರೇ, ಸೂಪಿನ ಅಜ್ಜಿಗೆ.

ಆ ಸಿಹಿಯನ್ನು ನಿಂತೇ ತಿಂದೆ. ಹೋಟೆಲು ನೂರು ಹೆಜ್ಜೆ ದೂರದಲ್ಲಿತ್ತು. ಒಳಗೆ ಹೋಗಿ ಫೋನು ಮಾಡಿದರೆ ಗೆದ್ದಂತೆ. ತೊಟ್ಟಿಯ ಕಡೆ ಹೊರಟರೆ ಆರು ಗಂಟೆಗೆ ಬರಲಾಗುವುದು ಅನುಮಾನ, ದಾರಿ ಸಿಗುವುದು ಅದಕ್ಕಿಂತ ಅನುಮಾನ. ಫೋನು ತೆಗೆದುಕೊಂಡು ಹೋಗೋಣವೇ ಎಂದುಕೊಂಡೆ. ತೆಗೆದುಕೊಂಡರೆ ಮತ್ತೆ ಚುಕ್ಕೆಯಾಗುತ್ತೇನೆ. ಅದೂ ಅಲ್ಲದೆ ಆ ಹಸಿರು ಬಾಗಿಲಿನ ವಿಳಾಸ ಯಾವ ಫೋನಿಗೆ ಗೊತ್ತು? ನಾನು ಓಣಿಯ ಕಡೆ ತಿರುಗಿದೆ.

ಟೈಲ್ಸಿನ ಅಂಗಡಿ ಸುಲಭವಾಗಿ ಸಿಕ್ಕಿತು. ಮುದುಕ ಅಂಗಡಿಯ ಅರ್ಧ ಬಾಗಿಲು ಹಾಕಿ ಹೊಸ್ತಿಲಲ್ಲಿ ನಿಂತಿದ್ದ. ನೀಲಿ ಹಕ್ಕಿಯನ್ನು ಹಳೇ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿಟ್ಟಿದ್ದ. ನನ್ನ ಕೈಗಿತ್ತ. ಚೌಕಾಸಿ ಮಾಡದೆ ಕೊಂಡೆ.

ಮುಂದೆ ಪೇಚಾಯಿತು. ನಾನು ಗುರುತಿಟ್ಟುಕೊಂಡಿದ್ದೆಲ್ಲ ಬಟ್ಟೆಗಳನ್ನು! ಹಳದಿ ಹೊದಿಕೆಯ ಹತ್ತಿರ ಎಡಕ್ಕೆ, ಸಾಲಾಗಿ ಕಾಲುಚೀಲ ಇರುವ ಕಡೆ ಕೆಳಕ್ಕೆ. ಸಂಜೆಯಾಯಿತೆಂದು ಹೆಂಗಸರು ಬಟ್ಟೆಗಳನ್ನೆಲ್ಲ ಒಳಗೆ ತೆಗೆದುಕೊಂಡುಬಿಟ್ಟಿದ್ದರು. ಎಲ್ಲ ಕಿಟಕಿಗಳೂ ಒಂದೇ ಥರ ಬೋಳಾಗಿದ್ದವು. ಮೂರು ಓಣಿ ಕೂಡುವಲ್ಲಿ ನಿಂತಾಗ ಕಣ್ಣಲ್ಲಿ ನೀರು ಬಂತು. ಕಳ್ದೋಗ್ತೀಯ, ಕಳ್ದೋಗ್ತೀಯ ಎಂದು ಕಿವಿಯಲ್ಲಿ ಶ್ರೀಧರ್ ದನಿ.

ಆಗ ಕೆಳಗೆ ನೋಡಿದೆ. ಬಿಸಿಲಿಗೆ ಒಣಗಿದ್ದ ಕಲ್ಲುಗಳ ಮೇಲೆ ಒಂದು ಓಣಿಯಲ್ಲಿ ಮಾತ್ರ ನೀರಿನ ಹನಿಗಳ ಸಾಲು. ಒದ್ದೆ ಬಟ್ಟೆಯ ಬಕೆಟ್ ಹೊತ್ತು ಮನೆಗೆ ಹೋದವರದು. ನಮ್ಮ ಹಿತ್ತಲಿಂದ ತಾರಸಿಯ ಮೆಟ್ಟಿಲವರೆಗೂ ಅಮ್ಮ ಬಿಡುತ್ತಿದ್ದ ಸಾಲು ಹೀಗೇ ಇರುತ್ತಿತ್ತು, ಅದರ ಮೇಲೆ ಕಾಲಿಟ್ಟರೆ ಬೈಯುತ್ತಿದ್ದಳು. ಹನಿಗಳು ದಟ್ಟವಾಗುತ್ತ ಹೋದ ಕಡೆಗೆ ಹೆಜ್ಜೆ ಹಾಕಿದೆ. ಎಡಕ್ಕೆ, ಕೆಳಕ್ಕೆ, ಮತ್ತೆ ಎಡಕ್ಕೆ. ಸೋಪಿನ ವಾಸನೆ ಬಂತು. ತಗಡಿನ ಮಾಡು ಕಂಡಿತು.

ಸೊಪ್ಪಿನ ಸೂಪು

ಅಲ್ಜೀರಾ ಅಜ್ಜಿ ಹಸಿರು ಬಾಗಿಲಿನ ಮುಂದೆ ಕುರ್ಚಿ ಹಾಕಿಕೊಂಡು, ಕೈ ಕಟ್ಟಿಕೊಂಡು ಕುಳಿತಿದ್ದಳು. ನನ್ನನ್ನು ಕಂಡದ್ದೇ ತಡ, ಬೈಗುಳ ಶುರುವಾಯಿತು. ಭಾಷೆ ಬರದಿದ್ದರೂ ಒಂದೊಂದು ಮಾತೂ ಅರ್ಥವಾಯಿತು. ಸದ್ದು ಕೇಳಿ ಪಕ್ಕದ ಮನೆಯಿಂದ ಲಂಡನ್ನಿನಾಕೆ ಹೊರಬಂದಳು.

"ಮಧ್ಯಾಹ್ನದಿಂದ ಕೂತಿದ್ದಾಳೆ. ನೀನು ಬಿದ್ದು ಕಾಲು ಮುರಿದುಕೊಂಡೆ ಅಂತ ಎರಡು ಸಲ ಹುಡುಕಿಕೊಂಡು ಹೋಗಿದ್ದಳು. ನಿನಗೆ ಅಂತ ಮಾಂಸ ಹಾಕದೆ ಬೇರೆ ಪಾತ್ರೆಯಲ್ಲಿ ಮಾಡಿದ್ದಾಳೆ. ಅದನ್ನು ಸೂಪು ಅಂತ ಕರೆಯುವುದಿಲ್ಲ ಅಂತಾಳೆ, ಆದರೂ ಮಾಡಿದ್ದಾಳೆ."

ನಾನು ಅಲ್ಲೇ ನಿಂತು ನಮ್ಮ ‘ಹೋಗಿಬರ್ತೀನಿ’ಯ ಕಥೆಯನ್ನೆಲ್ಲ ಹೇಳಿದೆ. ಲಂಡನ್ನಿನಾಕೆ ಅದನ್ನು ದಾಟಿಸುತ್ತ ಹೋದ ಹಾಗೆ ಅಜ್ಜಿಯ ಹುಬ್ಬು ಸಡಿಲವಾಯಿತು. ಕೊನೆಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು ಏನೋ ಕೇಳಿದಳು.

"ಹಾಗಾದರೆ ದಾರಿ ಹೇಗೆ ಗೊತ್ತಾಯಿತು ಅಂತ ಕೇಳುತ್ತಿದ್ದಾಳೆ. ಇಲ್ಲೇ ಹುಟ್ಟಿದವರೇ ತಪ್ಪಿಸಿಕೊಳ್ಳುತ್ತಾರೆ."

ಒದ್ದೆ ಹನಿಗಳನ್ನು ತೋರಿಸಿದೆ. ಅಜ್ಜಿ ನನ್ನ ಕೆನ್ನೆ ಹಿಂಡಿ "ಮೆನೀನಾ" ಎಂದಳು. ಹುಡುಗಿ ಎಂದರ್ಥವಂತೆ. ನಲವತ್ತಾರರ ನನ್ನನ್ನು ಯಾರಾದರೂ ಹಾಗೆ ಕರೆದು ಎಷ್ಟು ಕಾಲವಾಗಿತ್ತು.

ಒಳಗೆ ಹೋದರೆ ಗೋಡೆಯ ಗಡಿಯಾರದಲ್ಲಿ ಐದೂಮುಕ್ಕಾಲು. ಇಸ್ಸಾಕ್ವಾದಲ್ಲಿ ಶನಿವಾರದ ಬೆಳಗು, ಶ್ರೀಧರ್ ಫೋನು ಎದುರಿಗಿಟ್ಟುಕೊಂಡು ಕುಳಿತಿರುತ್ತಾರೆ. ಅಜ್ಜಿ ಸೂಪನ್ನು ಮತ್ತೆ ಒಲೆಯ ಮೇಲಿಟ್ಟಳು. ಕುಳಿತರೆ ಮಾತಿಗೆ ಸೋತಂತೆ, ಎದ್ದರೆ ಇವಳಿಗೆ ಎರಡನೇ ಸಲ ಮೋಸ ಮಾಡಿದಂತೆ. ನಾನು ಕುರ್ಚಿ ಎಳೆದುಕೊಂಡು ಕುಳಿತೆ. ಆಲೂಗಡ್ಡೆ, ಎಳೆ ಎಳೆಯಾಗಿ ಹೆಚ್ಚಿದ ಸೊಪ್ಪು, ಮೇಲೆ ಆಲಿವ್ ಎಣ್ಣೆ. ಖಾರವಿಲ್ಲದ ಮಸ್ಸೊಪ್ಪು ಅನ್ನಿ. ಎರಡು ಬಟ್ಟಲು ಉಂಡೆ.

ಹೊರಡುವಾಗ ಬಾಯಿ ತೆರೆದೆನೋ ಇಲ್ಲವೋ, ಅಜ್ಜಿ ಬೆರಳೆತ್ತಿ ಹೆದರಿಸಿದಳು. ಆ ಮಾತು ಮಾತ್ರ ಬೇಡ! ‘ಹೋಗ್ತೀನಿ’ ಎನ್ನಲು ನನ್ನ ನಾಲಿಗೆ ಏಳಲಿಲ್ಲ. ಕಾಲು ಮುಟ್ಟಿ ನಮಸ್ಕರಿಸಿ ಕನ್ನಡದಲ್ಲೇ "ಹೋಗ್ಬರ್ತೀನಿ ಅಜ್ಜಿ" ಎಂದೆ. ಅರ್ಥವಾದವಳ ಹಾಗೆ ತಲೆಯಾಡಿಸಿದಳು.

ಹೋಟೆಲಿಗೆ ಬಂದಾಗ ಏಳೂಕಾಲು. ಮೇಜಿನ ಹೆಂಗಸು ಎದ್ದು ನಿಂತಳು. "ನಿಮ್ಮ ಗಂಡ ಬಿಡದೆ ಫೋನು ಮಾಡುತ್ತಿದ್ದಾರೆ. ಬೆಳಗ್ಗೆ ಹೋಗುವಾಗ ಈಗಲೇ ಬಂದೆ ಅಂದಿದ್ದಾರೆ, ಬರುತ್ತಾರೆ ಅಂತ ಸಮಾಧಾನ ಮಾಡಿದೆ."

ರೂಮಿಗೆ ಹೋಗಿ ಫೋನು ಮಾಡಿದೆ.

"ಎಲ್ಲಿದ್ದೆ ಕಣೆ? ಪೊಲೀಸ್ ಕಂಪ್ಲೇಂಟ್ ಕೊಡೋಣ ಅಂತಿದ್ದೆ! ಕಳ್ದೋಗಿದ್ಯಾ?"

"ಇಲ್ಲಾ ರೀ. ವಾಪಸ್ ಹೋಗಿದ್ದೆ."

"ವಾಪಸ್ಸಾ? ಎಲ್ಲಿಗೆ?"

"ಬೆಳಗ್ಗೆ ಹೋಗಿದ್ದ ಕಡೆಗೇ. ಒಂದೊಂದು ಕಡೆಗೂ, ಅದೇ ದಾರೀಲಿ." ಎಲ್ಲವನ್ನೂ ಹೇಳಿದೆ. ಅಭ್ಯಾಸ ಮಾಡಿಕೊಂಡ ಹಾಗೆ ಒಂದೂ ಬರಲಿಲ್ಲ, ಉಸಿರು ಬಿಡದೆ ಹೇಳಿದೆ. "ಲೇಟಾಯ್ತು, ಸೋತೆ ಅಂತ ಬೇಕಾದ್ರೆ ಅಂದ್ಕೊಳ್ಳಿ," ಎಂದೂ ಸೇರಿಸಿದೆ.

"ಮ್ಯಾಪ್ ಇಲ್ದೇನೇ ಹೋದ್ಯಾ?" ಎಂದರು.

"ಮ್ಯಾಪ್ ಇಲ್ದೇನೇ."

ಹಿಂದಿನಿಂದ ಅನನ್ಯಾಳ ದನಿ: "ನೋ ವೇ, ಅಮ್ಮಾ!"

ಮತ್ತೆ ಇಸ್ಸಾಕ್ವಾ

ನೀಲಿ ಹಕ್ಕಿ ಈಗ ನಮ್ಮ ಮುಂಬಾಗಿಲ ಒಳಗೋಡೆಯ ಮೇಲಿದೆ. ಅತಿಥಿಗಳು ಅದೇನೆಂದು ಕೇಳುತ್ತಾರೆ. ಹೀಗಾಗಿ ಐಸ್‌ಕ್ರೀಮಿನ ಕಥೆ ಮುಗಿಯುವ ಮೊದಲೇ ನನ್ನ ಕಥೆ ಶುರುವಾಗುತ್ತದೆ.

ಬಂದ ಮರುವಾರ, ಭಾನುವಾರ ಬೆಳಗ್ಗೆ, ಬೆಟ್ಟ ಇಳಿದು ಹಳೇ ಊರಿನ ಪೇಟೆಯವರೆಗೆ ನಡೆದು ಬರೋಣ ಎನಿಸಿತು. ಆ ರಸ್ತೆಯಲ್ಲಿ ಯಾರೂ ನಡೆಯುವುದಿಲ್ಲ. ನಡೆದರೆ ಕಾರು ನಿಲ್ಲಿಸಿ, ಏನಾದರೂ ತೊಂದರೆಯೇ ಎಂದು ಕೇಳುತ್ತಾರೆ. ಶೂ ಕಟ್ಟಿಕೊಂಡೆ. ಫೋನು ಅಡುಗೆಮನೆಯ ಕಟ್ಟೆಯ ಮೇಲಿತ್ತು, ಅಲ್ಲೇ ಬಿಟ್ಟೆ. ಶ್ರೀಧರ್ ಹುಳಿಗೆ ಹುರುಳಿಕಾಯಿ ಹೆಚ್ಚುತ್ತಿದ್ದರು.

"ಹೋಗ್ಬರ್ತೀನ್ರೀ," ಎಂದೆ.

ಅವರು ಚಾಕು ಕೆಳಗಿಟ್ಟರು. ಕೈ ತಾನೇ ತಾನಾಗಿ ಕೀಯ ಕಡೆ ಹೋಯಿತು. ಫೋನನ್ನು ನೋಡಿದರು, ಗೋಡೆಯ ಮೇಲಿನ ಹಕ್ಕಿಯನ್ನು ನೋಡಿದರು. ಮತ್ತೆ ಚಾಕು ಎತ್ತಿಕೊಂಡು, ನನ್ನ ಕಡೆ ತಿರುಗದೆ ಹೇಳಿದರು:

"ಹೂಂ. ಹೋಗ್ಬಾ."